ಕೆಲಸ ಕೇಳುವ ಕಾಗದ

ಮದರಾಸು ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿಗೆ 1912ರ ಫೆಬ್ರುವರಿ 9ರಂದು ಶ್ರೀನಿವಾಸ ರಾಮಾನುಜನ್ ಬರೆದ ಅರ್ಜಿಯಲ್ಲಿ ಇರುವುದು ಕೆಲವೇ ವಾಕ್ಯ. ತಮ್ಮ ಕಚೇರಿಯಲ್ಲಿ ಗುಮಾಸ್ತೆಯ ಜಾಗ ಖಾಲಿ ಇದೆಯೆಂದು ತಿಳಿಯಿತು, ಅದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ. ತನಕ ಓದಿದ್ದೇನೆ, ಕೆಲವು ಅಡಚಣೆಗಳಿಂದ ಓದು ಮುಂದುವರಿಯಲಿಲ್ಲ. ಆದರೆ ನನ್ನ ಸಮಯವನ್ನೆಲ್ಲ ಗಣಿತಕ್ಕೇ ಕೊಟ್ಟಿದ್ದೇನೆ. ಕೆಲಸ ಸಿಕ್ಕರೆ ಅದಕ್ಕೆ ನ್ಯಾಯ ಒದಗಿಸಬಲ್ಲೆನೆಂಬ ಭರವಸೆ ಇದೆ. ಸಾರಾಂಶ ಇಷ್ಟೇ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಇ.ಡಬ್ಲ್ಯೂ. ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಪತ್ರ ಇತ್ತು. ಮಾರ್ಚ್ 1ರಿಂದ ರಾಮಾನುಜನ್ ಆ ಕಚೇರಿಯ ಗುಮಾಸ್ತರಾದರು.

ಈ ಅರ್ಜಿಯಲ್ಲಿ ಆ ಕಾಲದ ದೈನ್ಯವೆಲ್ಲ ಇದೆ. ಬೇಡಿಕೊಳ್ಳುತ್ತೇನೆ, ದಯಪಾಲಿಸಬೇಕು ಎಂಬ ಧಾಟಿಯಲ್ಲೇ ಶುರುವಾಗಿ ಅದರಲ್ಲೇ ಮುಗಿಯುತ್ತದೆ. ಆದರೆ ನಡುವಿನ ಒಂದು ಸಾಲನ್ನು ಕೆಲಸ ಹುಡುಕುತ್ತಿರುವ ಪ್ರತಿಯೊಬ್ಬರೂ ಗಮನಿಸಬೇಕು. ಎಫ್.ಎ. ಎಂಬ ಅಂದಿನ ಕಾಲೇಜು ಪರೀಕ್ಷೆಯಲ್ಲಿ ರಾಮಾನುಜನ್ ಫೇಲಾಗಿದ್ದರು. ಕುಂಭಕೋಣದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿವೇತನ ಕೈತಪ್ಪಿತ್ತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿ ಮತ್ತೆ ಪರೀಕ್ಷೆ ಕಟ್ಟಿದರೂ ಗಣಿತ ಬಿಟ್ಟು ಉಳಿದ ವಿಷಯಗಳು ಕೈಕೊಟ್ಟಿದ್ದವು. ಇಷ್ಟೆಲ್ಲ ಕಷ್ಟವನ್ನು ಒಂದೇ ಮಾತಿನಲ್ಲಿ ದಾಟಿ, ಆ ಸಮಯದಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ಮರುಮಾತಿನಲ್ಲೇ ಹೇಳುತ್ತಾರೆ. ಓದುವ ಅಧಿಕಾರಿಯ ಮನಸ್ಸಿನಲ್ಲಿ ಉಳಿಯುವುದು ಆ ಎರಡನೆಯ ಮಾತು. ಅಲ್ಲಿ ಮುಖ್ಯ ಲೆಕ್ಕಾಧಿಕಾರಿಯಾಗಿದ್ದ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು ಎಂಬುದು ರಾಮಾನುಜನ್ ಅವರ ಅದೃಷ್ಟ.

ಹನ್ನೊಂದು ತಿಂಗಳ ನಂತರ, 1913ರ ಜನವರಿ 16ರಂದು, ಅದೇ ಗುಮಾಸ್ತರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗಣಿತಜ್ಞ ಜಿ.ಎಚ್. ಹಾರ್ಡಿ ಅವರಿಗೆ ಇನ್ನೊಂದು ಕಾಗದ ಬರೆದರು. ಇದು ಜಗತ್ತಿಗೇ ಗೊತ್ತಿರುವ ಕಾಗದ. ಗಣಿತದ ಚರಿತ್ರೆಯಲ್ಲಿ ಅದರ ಸ್ಥಾನ ಏನೇ ಇರಲಿ, ಕೆಲಸ ಕೇಳುವ ಪತ್ರವಾಗಿಯೂ ಅದನ್ನು ಕೂತು ಓದಬೇಕು ಎಂಬುದು ನನ್ನ ಆಸೆ. ಮೊದಲಿಗೆ ತಾನು ಯಾರು ಎನ್ನುತ್ತಾರೆ: ಮದರಾಸು ಪೋರ್ಟ್ ಟ್ರಸ್ಟ್ ಕಚೇರಿಯ ಲೆಕ್ಕ ವಿಭಾಗದ ಗುಮಾಸ್ತ, ಸಂಬಳ ವರ್ಷಕ್ಕೆ ಬರೀ 20 ಪೌಂಡ್, ವಿಶ್ವವಿದ್ಯಾಲಯದ ಓದು ಇಲ್ಲ. ಬಿಡುವಿನ ವೇಳೆಯಲ್ಲೆಲ್ಲ ಗಣಿತ ಮಾಡುತ್ತಿದ್ದೇನೆ ಎನ್ನುತ್ತಾರೆ. ಆಮೇಲೆ ನೇರವಾಗಿ ಹಾರ್ಡಿಯವರ ಪುಸ್ತಕಕ್ಕೆ ಬರುತ್ತಾರೆ. ನೀವು ಪ್ರಕಟಿಸಿದ ‘ಆರ್ಡರ್ಸ್ ಆಫ್ ಇನ್ಫಿನಿಟಿ’ಯ 36ನೆಯ ಪುಟದಲ್ಲಿ, ಒಂದು ಸಂಖ್ಯೆಗಿಂತ ಚಿಕ್ಕದಾದ ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ ಎಂದು ಹೇಳುವ ಖಚಿತ ಸೂತ್ರ ಇನ್ನೂ ಸಿಕ್ಕಿಲ್ಲ ಎಂದಿದೆ, ವಾಸ್ತವಕ್ಕೆ ಬಹಳ ಹತ್ತಿರವಾದ ಒಂದು ಸೂತ್ರ ನನಗೆ ಸಿಕ್ಕಿದೆ. ಇದರ ಬೆನ್ನಿಗೇ ಪ್ರಮೇಯಗಳ ಹಾಳೆಗಳು, ಸುಮಾರು 120 ಪ್ರಮೇಯಗಳು.

ಓದುವವರು ಯಾವ ಕೆಲಸದಲ್ಲಿ ಮುಳುಗಿದ್ದಾರೆ, ಅದರಲ್ಲಿ ಎಲ್ಲಿ ಒಂದು ಜಾಗ ಖಾಲಿ ಉಳಿದಿದೆ ಎಂದು ನೋಡಿ, ಆ ಪುಟಕ್ಕೇ ಬೆರಳಿಟ್ಟು, ಇಲ್ಲಿಗೆ ನಾನು ಇದನ್ನು ತಂದಿದ್ದೇನೆ ಎನ್ನುವುದು. ಒಳ್ಳೆಯ ಕವರ್ ಲೆಟರ್ ಎಂದರೆ ನನ್ನ ಮಟ್ಟಿಗೆ ಇದೇ. ಆ ಅವಿಭಾಜ್ಯ ಸಂಖ್ಯೆಗಳ ಸೂತ್ರ ರಾಮಾನುಜನ್ ಭಾವಿಸಿದಷ್ಟು ನಿಖರವಾಗಿರಲಿಲ್ಲ ಎಂದು ಹಾರ್ಡಿ ಆಮೇಲೆ ತೋರಿಸಿದರು. ಆದರೂ ಕಾಗದ ತನ್ನ ಕೆಲಸ ಮಾಡಿತ್ತು. 1914ರ ಮಾರ್ಚ್‌ನಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹಡಗು ಹತ್ತಿದರು. ಹಾರ್ಡಿಯವರಿಗೆ ಬರೆಯುವುದಕ್ಕೂ ಮೊದಲು ಕೇಂಬ್ರಿಜ್‌ನವರೇ ಆದ ಎಚ್.ಎಫ್. ಬೇಕರ್ ಮತ್ತು ಇ.ಡಬ್ಲ್ಯೂ. ಹಾಬ್ಸನ್ ಅವರಿಗೂ ಅವರು ಬರೆದಿದ್ದರು, ಪ್ರಯೋಜನವಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಒಂದೆರಡು ಕಡೆಯಿಂದ ಉತ್ತರ ಬಾರದ ಮಾತ್ರಕ್ಕೆ ಪತ್ರ ಕೆಟ್ಟದೆಂದು ತೀರ್ಮಾನಿಸಬೇಕಾಗಿಲ್ಲ.

ನಮ್ಮಲ್ಲಿ ಹುಡುಗ ಹುಡುಗಿಯರು ಬರೆಯುವ ಪತ್ರಗಳು ಈ ಎರಡನೆಯ ಕಾಗದದಂತಿರದೆ ಮೊದಲನೆಯದರ ಧಾಟಿಯಲ್ಲೇ ಉಳಿಯುವುದಕ್ಕೆ ಕಾರಣ ಇದೆ. ಹೈಸ್ಕೂಲಿನಲ್ಲಿ ನಾವೆಲ್ಲ ಪತ್ರಲೇಖನ ಕಲಿತವರೇ. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ನಡುವೆ ‘ವಿಷಯ’, ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’, ಕೊನೆಗೆ ‘ಇಂತಿ ತಮ್ಮ ವಿಧೇಯ’. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ತಂದುಕೊಟ್ಟ ಈ ಚೌಕಟ್ಟು ಇವತ್ತಿಗೂ ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ, ಬೆಸ್ಕಾಂಗೆ ಬರೆಯುವಾಗ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ಬರೆಯುವವರ ಅಗತ್ಯವೇ ಮುಖ್ಯ. ರೇಷನ್ ಕಾರ್ಡ್ ಬೇಕಾಗಿರುವುದು ನಮಗೆ, ಮನೆಗೆ ಮೀಟರ್ ಬೇಕಾಗಿರುವುದು ನಮಗೆ. ನಮ್ಮ ಕಷ್ಟ ಹೇಳಿಕೊಂಡರೆ ಅರ್ಜಿಗೆ ಅರ್ಥ ಬರುತ್ತದೆ. ಕೆಲಸದ ವಿಷಯದಲ್ಲಿ ಅಗತ್ಯ ಇರುವುದು ಎದುರಿನವರಿಗೂ. ಅವರ ಕಚೇರಿಯಲ್ಲಿ ಏನೋ ಒಂದು ನಿಂತುಹೋಗಿದೆ, ಯಾರೋ ಬಿಟ್ಟು ಹೋಗಿದ್ದಾರೆ, ಇಲ್ಲವೇ ಕೆಲಸ ಹೆಚ್ಚಾಗಿ ಇರುವವರ ಕೈ ಸಾಲುತ್ತಿಲ್ಲ. ಅದಕ್ಕೇ ದುಡ್ಡು ಕೊಟ್ಟು ಜಾಹೀರಾತು ಹಾಕಿದ್ದಾರೆ. ಅಂಥವರ ಮುಂದೆ ‘ನಮ್ಮದು ಬಡ ಕುಟುಂಬ, ಕೆಲಸ ಕೊಟ್ಟು ಉಪಕರಿಸಬೇಕು’ ಎಂದು ಬರೆದರೆ ಅವರಿಗೆ ಕನಿಕರ ಹುಟ್ಟಬಹುದು, ಆದರೆ ಅವರ ನಿಂತ ಕೆಲಸ ಮುಂದೆ ಹೋಗುತ್ತದೆಂಬ ನಂಬಿಕೆ ಹುಟ್ಟುವುದಿಲ್ಲ.

ಸರ್ಕಾರಿ ಹುದ್ದೆಗಳ ಮಾತು ಬೇರೆ. ಕೆ.ಪಿ.ಎಸ್.ಸಿ., ಕೆ.ಇ.ಎ. ನಡೆಸುವ ನೇಮಕಾತಿಗೆ ಆನ್‌ಲೈನ್ ಫಾರಂ ತುಂಬಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆಯಬೇಕು. ಪತ್ರಕ್ಕೆ ಅಲ್ಲಿ ಜಾಗವೇ ಇಲ್ಲ. ಪತ್ರ ಬೇಕಾಗುವುದು ಖಾಸಗಿ ಕಂಪನಿ, ಶಾಲೆ, ಆಸ್ಪತ್ರೆ, ಪತ್ರಿಕೆ, ಸ್ವಯಂಸೇವಾ ಸಂಸ್ಥೆಗಳಲ್ಲಿ. ದೊಡ್ಡ ಐ.ಟಿ. ಕಂಪನಿಗಳು ಕ್ಯಾಂಪಸ್ಸಿಗೆ ಬಂದು ನೂರಾರು ಜನರನ್ನು ಒಟ್ಟಿಗೆ ಆರಿಸುವಾಗ ಅದಕ್ಕೆ ಬೆಲೆ ಕಡಿಮೆ. ಮೂವತ್ತು ನಲವತ್ತು ಜನರಿರುವ ಸಂಸ್ಥೆಯಲ್ಲಿ, ಮಾಲೀಕರೇ ಮೇಲ್ ತೆರೆದು ನೋಡುವ ಕಡೆ, ಬೆಲೆ ಬಹಳ ಹೆಚ್ಚು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಕೆಲಸ ಕೊಡುವವರು ಬಹುಪಾಲು ಇಂಥವರೇ.

ಎದುರಿನವರ ಅಗತ್ಯದಿಂದ ಪತ್ರ ಶುರು ಮಾಡುವುದಕ್ಕೆ ಹಳೆಯ ಉದಾಹರಣೆ ಬೇಕೆಂದರೆ ಲಿಯೊನಾರ್ಡೊ ಡಾ ವಿಂಚಿ ಇದ್ದಾರೆ. 1482ರ ಸುಮಾರಿಗೆ, ಮೂವತ್ತರ ಪ್ರಾಯದಲ್ಲಿ, ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಅವರು ಸಿದ್ಧಪಡಿಸಿದ ಪತ್ರದ ಕರಡು ಮಿಲಾನಿನ ಅಂಬ್ರೋಸಿಯಾನಾ ಗ್ರಂಥಾಲಯದ ‘ಕೋಡೆಕ್ಸ್ ಅಟ್ಲಾಂಟಿಕಸ್’ನಲ್ಲಿ ಉಳಿದುಕೊಂಡಿದೆ. ಫ್ಲಾರೆನ್ಸ್‌ನಲ್ಲಿ ವೆರೊಕ್ಕಿಯೊನ ಕಾರ್ಯಾಗಾರದಲ್ಲಿ ಪಳಗಿದ ಚಿತ್ರಕಾರ ಅವರು. ಆದರೂ ಪತ್ರದ ಮೊದಲ ಭಾಗದಲ್ಲೆಲ್ಲೂ ಚಿತ್ರದ ಸುದ್ದಿಯಿಲ್ಲ. ಹಗುರವಾಗಿ, ಗಟ್ಟಿಯಾಗಿ, ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ಸೇತುವೆ ಕಟ್ಟುತ್ತೇನೆ. ಮುತ್ತಿಗೆ ಹಾಕಿದಾಗ ಕಂದಕದ ನೀರು ಬಸಿಯುತ್ತೇನೆ. ಸದ್ದಿಲ್ಲದೆ ನೆಲದಡಿ ಸುರಂಗ ತೋಡುತ್ತೇನೆ. ಮುಚ್ಚಿದ ಯುದ್ಧರಥ ಮಾಡುತ್ತೇನೆ. ಇಟಲಿಯ ರಾಜ್ಯಗಳು ಸದಾ ಒಂದರ ಮೇಲೊಂದು ಬೀಳುತ್ತಿದ್ದ ಆ ಕಾಲದಲ್ಲಿ ದೊರೆಗೆ ಬೇಕಾಗಿದ್ದುದು ಅದು. ಶಾಂತಿಯ ಕಾಲಕ್ಕೆ ಕಟ್ಟಡ ಕಟ್ಟುವುದು, ನೀರು ಹರಿಸುವುದು, ಶಿಲ್ಪ ಮಾಡುವುದು, ಚಿತ್ರ ಬರೆಯುವುದು ಎಂಬ ಮಾತೆಲ್ಲ ಕಟ್ಟಕಡೆಗೆ. ನಿಮ್ಮ ತಂದೆಯವರ ನೆನಪಿಗೆ ಕಂಚಿನ ಕುದುರೆಯ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು ಎನ್ನುತ್ತಾರೆ. ಇದರಲ್ಲಿ ಯಾವುದಾದರೂ ಅಸಾಧ್ಯ ಅನ್ನಿಸಿದರೆ ನಿಮ್ಮ ಉದ್ಯಾನದಲ್ಲಾಗಲಿ, ನೀವು ಹೇಳಿದ ಜಾಗದಲ್ಲಾಗಲಿ ಮಾಡಿ ತೋರಿಸಲು ಸಿದ್ಧ ಎಂದು ಮುಗಿಸುತ್ತಾರೆ.

ಪತ್ರದ ಈ ಕ್ರಮ ನನಗೆ ಬಹಳ ಇಷ್ಟ. ಮಾಡಿ ತೋರಿಸುತ್ತೇನೆ ಎಂಬ ಕೊನೆಯ ಮಾತು ಇನ್ನೂ ಇಷ್ಟ. ಆದರೆ ಅಷ್ಟೂ ಯುದ್ಧಯಂತ್ರಗಳನ್ನು ಅವರು ಆ ವೇಳೆಗೆ ಮಾಡಿಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ಲಿಯೊನಾರ್ಡೊ ಅವರಿಗೆ ಒಪ್ಪಿದ ಆ ಧೈರ್ಯ ಬೇರೆಯವರ ಕೈಯಲ್ಲಿ ಸುಳ್ಳಾಗುತ್ತದೆ. ಗೊತ್ತಿಲ್ಲದ ಸಾಫ್ಟ್‌ವೇರ್ ಗೊತ್ತಿದೆಯೆಂದು ಬರೆದವರು ಸಂದರ್ಶನದ ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತಾರೆ.

ಕನ್ನಡಿಗರಿಗೆ ಸುಧಾ ಮೂರ್ತಿಯವರ ಪೋಸ್ಟ್ ಕಾರ್ಡಿನ ಕಥೆ ಗೊತ್ತೇ ಇದೆ, ವಿಸ್ತರಿಸುವುದಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದಾಗ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಟೆಲ್ಕೋ ಜಾಹೀರಾತು ನೋಡಿ ಅವರು ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಆ ಕಾರ್ಡಿನಲ್ಲಿ ಕೋಪ ಇತ್ತು ಎಂಬುದನ್ನೇ ಎಲ್ಲರೂ ನೆನೆಯುತ್ತಾರೆ. ಓದುವವರ ಬಗ್ಗೆ ತಿಳಿವಳಿಕೆಯೂ ಇತ್ತು. ಉಕ್ಕು, ರಾಸಾಯನಿಕ, ಲೋಕೊಮೋಟಿವ್, ಉನ್ನತ ಶಿಕ್ಷಣ, ಹೀಗೆ ಟಾಟಾ ಮನೆತನ ದೇಶಕ್ಕೆ ಮೊದಲಾಗಿ ಮಾಡಿದ್ದನ್ನೆಲ್ಲ ನೆನಪಿಸಿ, ಅಂಥವರ ಕಂಪನಿ ಹೀಗೆ ಮಾಡುವುದೇ ಎಂದು ಕೇಳಿದ್ದರು. ಪುಣೆಯಲ್ಲಿ ನಡೆಯುವ ಸಂದರ್ಶನಕ್ಕೆ ಕರೆ ಬಂತು.

ಇನ್ನು ನಮ್ಮ ನಡುವಿನ ಒಂದು ಪತ್ರವನ್ನು ಹತ್ತಿರದಿಂದ ನೋಡೋಣ. ರಾಣೆಬೆನ್ನೂರಿನ ಒಬ್ಬ ಬಿ.ಕಾಂ. ಪದವೀಧರೆ ಎಂದುಕೊಳ್ಳಿ. ಎರಡು ವರ್ಷದಿಂದ ಊರಿನ ಆಡಿಟರ್ ಹತ್ತಿರ ಕೆಲಸ ಮಾಡುತ್ತಿದ್ದಾಳೆ. ಹುಬ್ಬಳ್ಳಿಯಲ್ಲಿ ಹನಿ ನೀರಾವರಿ ಪೈಪು, ಪಂಪ್‌ಸೆಟ್ ಮಾರುವ ಒಂದು ಡಿಸ್ಟ್ರಿಬ್ಯೂಟರ್ ಸಂಸ್ಥೆ ಜಾಹೀರಾತು ಕೊಟ್ಟಿದೆ: ಅಕೌಂಟ್ಸ್ ಅಸಿಸ್ಟೆಂಟ್ ಬೇಕು, ಟ್ಯಾಲಿ, ಜಿ.ಎಸ್.ಟಿ. ಗೊತ್ತಿರಬೇಕು, ಡೀಲರುಗಳ ಖಾತೆ ನೋಡಿಕೊಳ್ಳಬೇಕು. ಆಕೆ ಮೊದಲು ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ:

‘ನಾನು ಬಿ.ಕಾಂ. ಪದವೀಧರೆ. ಟ್ಯಾಲಿ ಮತ್ತು ಜಿ.ಎಸ್.ಟಿ.ಯಲ್ಲಿ ಪರಿಣತಿ ಇದೆ. ಶ್ರಮಜೀವಿ, ಪ್ರಾಮಾಣಿಕಳು, ಎಲ್ಲರೊಂದಿಗೆ ಹೊಂದಿಕೊಂಡು ಕೆಲಸ ಮಾಡುತ್ತೇನೆ. ಒಂದು ಅವಕಾಶ ಕೊಟ್ಟರೆ ಸಂಸ್ಥೆಯ ಏಳಿಗೆಗೆ ದುಡಿಯುತ್ತೇನೆ.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಆಕೆಯ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ, ಪೈಪಿನ ಅಂಗಡಿಯ ಬದಲು ನರ್ಸಿಂಗ್ ಹೋಮಿಗೆ ಕಳಿಸಿದರೂ ಪತ್ರ ಹಾಗೇ ನಿಲ್ಲುತ್ತದೆ. ಆಡಿಟರ್ ಕಚೇರಿಯಲ್ಲಿ ತಿಂಗಳು ಪೂರ್ತಿ ಏನು ಮಾಡುತ್ತೀಯಮ್ಮ ಎಂದು ಆಕೆಯನ್ನೇ ಕೂರಿಸಿಕೊಂಡು ಕೇಳಿದರೆ ಬೇರೆಯೇ ಮಾತು ಹೊರಡುತ್ತದೆ. ಮಾರಿದವರು 11ನೆಯ ತಾರೀಕಿನೊಳಗೆ ತಮ್ಮ ಬಿಲ್ಲುಗಳನ್ನು ಜಿ.ಎಸ್.ಟಿ. ಪೋರ್ಟಲ್‌ಗೆ ಹಾಕಬೇಕು. 14ಕ್ಕೆ ಕೊಂಡವರ ಖಾತೆಯಲ್ಲಿ 2ಬಿ ಎಂಬ ಪಟ್ಟಿ ಬರುತ್ತದೆ. ಅಂಗಡಿಯ ಖರೀದಿ ಬಿಲ್ಲು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ತಿಂಗಳ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಕೈಯಿಂದ ದುಡ್ಡು ಕಟ್ಟಬೇಕಾಗುತ್ತದೆ. 20ರೊಳಗೆ 3ಬಿ ಎಂಬ ರಿಟರ್ನ್ ಸಲ್ಲಿಸಬೇಕು. ಈ 14ರಿಂದ 20ರ ನಡುವಿನ ಓಡಾಟವೇ ಆಕೆಯ ನಿಜವಾದ ಅನುಭವ. ಅದನ್ನು ಪತ್ರಕ್ಕೆ ತಂದರೆ:

‘ಡೀಲರುಗಳ ಖಾತೆ ನೋಡಿಕೊಳ್ಳುವವರು ಬೇಕೆಂದು ಕೇಳಿದ್ದೀರಿ. ಎರಡು ವರ್ಷದಿಂದ ರಾಣೆಬೆನ್ನೂರಿನ ಆಡಿಟರ್ ಕಚೇರಿಯೊಂದರಲ್ಲಿ ಹನ್ನೆರಡು ಅಂಗಡಿಗಳ ಜಿ.ಎಸ್.ಟಿ. ಕೆಲಸ ನನ್ನ ಕೈಯಲ್ಲಿದೆ. ಅವುಗಳಲ್ಲಿ ಮೂರು ಪೈಪು, ಪಂಪ್‌ಸೆಟ್ಟಿನ ಅಂಗಡಿಗಳು. 14ಕ್ಕೆ 2ಬಿ ಬಂದ ಕೂಡಲೇ ಟ್ಯಾಲಿಯಲ್ಲಿರುವ ಖರೀದಿಯೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲುಗಳ ಪಟ್ಟಿ ಮಾಡಿ, ಮಾರಿದವರಿಗೆ ಅಂದೇ ಫೋನ್ ಮಾಡುತ್ತೇನೆ. ಯಾವ ಗಿರಾಕಿಯ ಬಾಕಿ ಎಷ್ಟು ದಿನದ್ದು ಎಂಬ ಪಟ್ಟಿಯನ್ನು ಸೋಮವಾರ ಸೋಮವಾರ ಮಾಡಿಕೊಡುತ್ತೇನೆ. ವಸೂಲಿಗೆಂದು ನಾನೇ ಗಿರಾಕಿಗಳ ಜೊತೆ ಮಾತಾಡಿದ ಅನುಭವ ಇಲ್ಲ, ಕಲಿಯಬೇಕಾಗುತ್ತದೆ. ಹುಬ್ಬಳ್ಳಿಗೆ ಬಂದು ಇರಲು ಅನುಕೂಲವಿದೆ. ಈ ತಿಂಗಳ ರಿಟರ್ನ್ ಮುಗಿಸಿಕೊಟ್ಟು 21ರಿಂದ ಸೇರಬಲ್ಲೆ.’

ಎರಡನೆಯ ಪತ್ರ ಉದ್ದವಾಗಿದೆ, ನಿಜ. ಆದರೆ ಓದುವವರಿಗೆ ಅದು ಬೇಗ ಮುಗಿಯುತ್ತದೆ. ಶ್ರಮಜೀವಿ, ಪ್ರಾಮಾಣಿಕಳು ಎಂಬ ಪದಗಳು ಎಲ್ಲೂ ಇಲ್ಲ. ಎರಡೂ ಗುಣ ಕಾಣುತ್ತವೆ. ಗಿರಾಕಿಗಳ ಜೊತೆ ಮಾತಾಡಿದ ಅನುಭವ ಇಲ್ಲ ಎಂದು ಒಪ್ಪಿಕೊಂಡಿದ್ದರಿಂದ ಉಳಿದ ಮಾತುಗಳ ಮೇಲೆ ನಂಬಿಕೆ ಹೆಚ್ಚುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಆ ‘21ರಿಂದ’. ರಿಟರ್ನ್ ಸಲ್ಲಿಸುವ ಕೊನೆಯ ದಿನ 20 ಎಂದು ಗೊತ್ತಿರುವ ಯಾವ ಮಾಲೀಕರಾದರೂ, ಈ ಹುಡುಗಿ ಕೈಯಲ್ಲಿರುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರುವವಳಲ್ಲ ಎಂದು ಒಂದು ತಾರೀಕಿನಿಂದಲೇ ತಿಳಿದುಕೊಳ್ಳುತ್ತಾರೆ. ನಾಳೆ ತಮ್ಮನ್ನೂ ಹಾಗೆ ನಡುವೆ ಬಿಟ್ಟು ಹೋಗುವುದಿಲ್ಲ ಎಂದೂ ಅವರಿಗೆ ಅನ್ನಿಸುತ್ತದೆ.

ಅನುಭವವೇ ಇಲ್ಲದ ಫ್ರೆಶರ್‌ಗಳು ಏನು ಬರೆಯಬೇಕು? ಸಂಬಳ ಎಣಿಸಿ ಕೊಟ್ಟ ಕೆಲಸ ಮಾತ್ರ ಅನುಭವ ಎಂದು ನಮ್ಮ ಮಕ್ಕಳ ತಲೆಗೆ ಯಾರು ತುಂಬಿದರೋ. ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಕೂತು ಯಾರ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ಬರೆದುಕೊಂಡು, ಬಿಲ್ ದಿನ ನೂರು ಮನೆಗಳ ಲೆಕ್ಕ ತಪ್ಪಿಲ್ಲದೆ ಚುಕ್ತಾ ಮಾಡಿದ ಹುಡುಗ ಡಿಗ್ರಿ ಮುಗಿಸಿ ಬೆಂಗಳೂರಿನ ಗೋದಾಮಿನ ಸ್ಟಾಕ್ ಕೆಲಸಕ್ಕೆ ಅರ್ಜಿ ಹಾಕುವಾಗ ‘ಅನುಭವ: ಇಲ್ಲ’ ಎಂದು ಬರೆಯುತ್ತಾನೆ. ದಿನಕ್ಕೆ ಎರಡು ಸಲ, ಜನ ಎದುರಿಗೆ ನಿಂತು ಅವಸರ ಮಾಡುತ್ತಿರುವಾಗ, ಅಳತೆಯಲ್ಲಿ ಒಂದು ಪಾಯಿಂಟ್ ಹೆಚ್ಚು ಕಡಿಮೆಯಾದರೂ ಜಗಳ ಬರುವ ಜಾಗದಲ್ಲಿ ದಾಖಲೆ ಇಟ್ಟವನು ಅವನು. ಗೋದಾಮಿನಲ್ಲಿ ಬೇಕಾಗಿರುವುದೂ ಅದೇ. ತಂದೆಯ ಕಿರಾಣಿ ಅಂಗಡಿಯ ಸಾಲದ ಪುಸ್ತಕ, ಎನ್.ಎಸ್.ಎಸ್. ಶಿಬಿರದಲ್ಲಿ ಊಟದ ಉಸ್ತುವಾರಿ, ಊರ ಹಬ್ಬದ ಚಂದಾ ಲೆಕ್ಕ, ತಂಗಿಗೂ ಅವಳ ಗೆಳತಿಯರಿಗೂ ಹೇಳಿಕೊಟ್ಟ ಗಣಿತ, ಎಲ್ಲವೂ ಬರೆಯಲು ಯೋಗ್ಯವೇ. ಅದನ್ನು ಕೇಳಿದ ಹುದ್ದೆಯ ಪಕ್ಕ ತಂದು ನಿಲ್ಲಿಸಬೇಕು, ಅಷ್ಟೇ.

ನಡುವೆ ಖಾಲಿ ಹೋದ ವರ್ಷಗಳ ಬಗ್ಗೆ ಹೆಚ್ಚು ಕಳವಳ ಇರುತ್ತದೆ. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ರೂಮು ಮಾಡಿಕೊಂಡು ಕೆ.ಎ.ಎಸ್., ಪಿ.ಎಸ್.ಐ. ಪರೀಕ್ಷೆಗೆ ವರ್ಷಗಟ್ಟಲೆ ಓದಿ, ಆಯ್ಕೆಯಾಗದೆ ಖಾಸಗಿ ಕೆಲಸದ ಕಡೆ ತಿರುಗುವವರು ನಮ್ಮಲ್ಲಿ ಬಹಳ. ಮಗುವಿಗಾಗಿಯೋ, ಹಾಸಿಗೆ ಹಿಡಿದ ಅತ್ತೆಗಾಗಿಯೋ ಕೆಲಸ ಬಿಟ್ಟು ಐದಾರು ವರ್ಷದ ನಂತರ ಮರಳುವ ಹೆಣ್ಣುಮಕ್ಕಳು ಇನ್ನೂ ಬಹಳ. ಆ ವರ್ಷಗಳನ್ನು ಮುಚ್ಚಿಡಬಾರದು. ಓದುವವರು ರೆಸ್ಯೂಮೆಯಲ್ಲಿ ಮೊದಲು ನೋಡುವುದೇ ಇಸವಿಗಳನ್ನು. ಅತ್ತುಕೊಳ್ಳಲೂಬಾರದು. ‘2020ರಿಂದ 2024ರವರೆಗೆ ಕೆ.ಎ.ಎಸ್. ಪರೀಕ್ಷೆಗೆ ಓದಿದೆ, ಆಯ್ಕೆಯಾಗಲಿಲ್ಲ. ಆ ದಿನಗಳಲ್ಲಿ ಸಂಜೆ ಒಂದು ಟ್ಯುಟೋರಿಯಲ್‌ನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ’ ಎಂದರೆ ಮುಗಿಯಿತು. ಆಯ್ಕೆಯಾಗಲಿಲ್ಲ ಎಂದು ನೇರವಾಗಿ ಬರೆದವರ ಮೇಲೆ ನನಗೆ ಗೌರವ ಹುಟ್ಟುತ್ತದೆ.

ನಮ್ಮಲ್ಲಿ ಹೆಚ್ಚಿನ ಪತ್ರಗಳು ಇಂಗ್ಲಿಷಿನಲ್ಲೇ ಹೋಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿ ಎಡವುತ್ತಾರೆ. ಭಾಷೆ ಬಾರದೆಂಬ ಅಳುಕಿನಿಂದ ಯಾರದೋ ಸಿದ್ಧ ವಾಕ್ಯಗಳನ್ನು ಎತ್ತಿಕೊಳ್ಳುತ್ತಾರೆ. ಸೆಲ್ಫ್ ಮೋಟಿವೇಟೆಡ್, ಡೈನಾಮಿಕ್, ಟೀಮ್ ಪ್ಲೇಯರ್, ರಿಸಲ್ಟ್ ಓರಿಯೆಂಟೆಡ್ ಎಂಬ ಪದಗಳು ಸಾಲಾಗಿ ಬಂದು, ಬರೆದವರು ಯಾರೆಂಬುದೇ ಕಾಣದಂತಾಗುತ್ತದೆ. ನಾನು ಹೇಳುವುದು ಇಷ್ಟು: ಮೊದಲು ನಿಮ್ಮ ಕೆಲಸವನ್ನು ಮನೆಯಲ್ಲಿ ಅಕ್ಕನಿಗೋ ಮಾವನಿಗೋ ಹೇಳುವ ಕನ್ನಡದಲ್ಲೇ ಬರೆದುಕೊಳ್ಳಿ. ಏನು ಮಾಡಿದೆ, ಯಾರಿಗಾಗಿ ಮಾಡಿದೆ, ಎಷ್ಟು ಮಾಡಿದೆ, ಎಲ್ಲಿ ಕಷ್ಟವಾಯಿತು. ಆಮೇಲೆ ಅದನ್ನು ನಿಮಗೆ ಬರುವ ಸರಳ ಇಂಗ್ಲಿಷಿಗೆ ತನ್ನಿ. ಗಿಡ್ಡ ವಾಕ್ಯಗಳಿರಲಿ. ಸ್ಪೆಲಿಂಗ್, ವ್ಯಾಕರಣ ನೋಡಿಕೊಡಲು ಒಬ್ಬ ಮೇಷ್ಟ್ರಿಗೋ ಗೆಳೆಯರಿಗೋ ತೋರಿಸಿ. ಆದರೆ ಅವರು ನಿಮ್ಮ ಡೇರಿಯನ್ನೋ 2ಬಿಯನ್ನೋ ಹೊಡೆದುಹಾಕಿ ಅಲ್ಲಿ ‘ಡೈನಾಮಿಕ್’ ಎಂದು ಸೇರಿಸಿದರೆ ಒಪ್ಪಬೇಡಿ. ಕನ್ನಡ ಪತ್ರಿಕೆ, ಪ್ರಕಾಶನ ಸಂಸ್ಥೆ, ಕನ್ನಡ ಶಾಲೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗಾದರೆ ಕನ್ನಡದಲ್ಲೇ ಬರೆಯಿರಿ. ಅಲ್ಲಿ ನಿಮ್ಮ ಕನ್ನಡವೇ ನಿಮ್ಮ ಕೆಲಸದ ಮಾದರಿ.

ಈಗ ಚಾಟ್‌ಜಿಪಿಟಿ ಕಾಲ. 2022ರ ನವೆಂಬರ್ ಕೊನೆಗೆ ಅದು ಬಂದಮೇಲೆ ತಪ್ಪಿಲ್ಲದ ಇಂಗ್ಲಿಷ್ ಪತ್ರ ಯಾರ ಕೈಗಾದರೂ ಅರೆ ನಿಮಿಷದಲ್ಲಿ ಸಿಗುತ್ತದೆ. ಇಂಗ್ಲಿಷಿನ ಭಯದಲ್ಲೇ ಒಳ್ಳೆಯ ಕೆಲಸಗಳಿಗೆ ಅರ್ಜಿ ಹಾಕದೆ ಉಳಿಯುತ್ತಿದ್ದವರಿಗೆ ಇದು ದೊಡ್ಡ ಆಸರೆ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ತೊಂದರೆ ಇನ್ನೊಂದು ಕಡೆಯಿಂದ ಬಂದಿದೆ. ಒಂದೇ ಹುದ್ದೆಗೆ ಬಂದ ಐವತ್ತು ಪತ್ರಗಳೂ ಒಂದೇ ಕೈ ಬರೆದಂತೆ ನಯವಾಗಿರುತ್ತವೆ. ಹಿಂದೆಲ್ಲ ಚೆನ್ನಾಗಿ ಬರೆದ ಪತ್ರ ಎಂದರೆ ಇವರು ಶ್ರಮ ವಹಿಸಿದ್ದಾರೆ ಎಂದು ತಿಳಿಯುತ್ತಿತ್ತು. ನಯಕ್ಕೆ ಈಗ ಆ ಬೆಲೆ ಇಲ್ಲ. ಬೆಲೆ ಉಳಿದಿರುವುದು ಯಂತ್ರಕ್ಕೆ ಗೊತ್ತಿರಲಾರದ ಸಂಗತಿಗೆ. ನೀವು ನೋಡಿಕೊಂಡ ಹನ್ನೆರಡು ಅಂಗಡಿ, ನೀವು ಕೂತ ಡೇರಿ, ನೀವು ಬಳಸಿ ನೋಡಿದ, ಕೆಲಸ ಕೊಡುವವರದೇ ಪಂಪ್‌ಸೆಟ್. ಸಂಗತಿ ನೀವು ಕೊಟ್ಟು, ತಿದ್ದಲು ಮಾತ್ರ ಯಂತ್ರದ ಸಹಾಯ ಪಡೆದರೆ ತಪ್ಪೇನಿಲ್ಲ. ಸಂಗತಿಯನ್ನೂ ಅದಕ್ಕೇ ಬಿಟ್ಟರೆ ಅದು ನೀವು ಮಾಡದ ಕೆಲಸವನ್ನೂ ನಿಮ್ಮ ಹೆಸರಿಗೆ ಬರೆದುಕೊಟ್ಟೀತು.

ಉಳಿದವು ಸಣ್ಣ ವಿಷಯಗಳು, ಬೇಗ ಹೇಳುತ್ತೇನೆ. ಪತ್ರ ಒಂದು ಪುಟ ಮೀರದಿರಲಿ. ಮೇಲ್‌ನಲ್ಲೇ ಬರೆಯುವುದಾದರೆ ಮೊಬೈಲಿನಲ್ಲಿ ಎರಡು ಸಲ ಸರಿಸಿದರೆ ಮುಗಿಯುವಷ್ಟಿರಲಿ. ಸಬ್ಜೆಕ್ಟ್ ಲೈನಿನಲ್ಲಿ ಹುದ್ದೆಯ ಹೆಸರು, ನಿಮ್ಮ ಹೆಸರು ಎರಡೂ ಇರಬೇಕು. ರೆಸ್ಯೂಮೆಯ ಪಿ.ಡಿ.ಎಫ್. ಕಡತಕ್ಕೂ ನಿಮ್ಮ ಹೆಸರೇ ಇರಲಿ, ‘ಫೈನಲ್ 3’ ಎಂದು ಬೇಡ. ಹಳೆಯ ಬಯೋಡೇಟಾದ ಅಭ್ಯಾಸದಿಂದ ತಂದೆಯ ಹೆಸರು, ಜಾತಿ, ಮದುವೆಯಾಗಿದೆಯೇ ಇಲ್ಲವೇ, ಎತ್ತರ, ತೂಕ ಎಲ್ಲ ಬರೆಯುತ್ತಾರೆ. ಕೇಳದೆ ಇದ್ದರೆ ಒಂದೂ ಬೇಡ. ಸಂಬಳದ ನಿರೀಕ್ಷೆಯನ್ನು ಜಾಹೀರಾತಿನಲ್ಲಿ ಕೇಳಿದ್ದರೆ ಮಾತ್ರ ಬರೆಯಿರಿ, ಬರೆದರೆ ಸ್ಪಷ್ಟವಾದ ಅಂಕಿ ಬರೆಯಿರಿ. ಹಿಂದಿನ ಸಂಸ್ಥೆಯನ್ನು ಪತ್ರದಲ್ಲಿ ದೂರಬೇಡಿ. ಒಂದು ಕಂಪನಿಗೆ ಬರೆದ ಪತ್ರವನ್ನು ಇನ್ನೊಂದಕ್ಕೆ ಕಳಿಸುವಾಗ ಹಳೆಯ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ನೋಡಿ. ಅದೊಂದೇ ಕಾರಣಕ್ಕೆ ಬದಿಗೆ ಸರಿಯುವ ಅರ್ಜಿಗಳು ಕಡಿಮೆಯೇನಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬಾಗಿಲು ತೆರೆಯದಿರಬಹುದು, ಮತ್ತು ಅದರಲ್ಲಿ ಅರ್ಜಿದಾರರ ತಪ್ಪು ಇರದಿರಬಹುದು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಮಟ್ಟದ ಅರ್ಹತೆಯಿರುವ ಅರ್ಜಿಗಳನ್ನು, ಹೆಸರನ್ನಷ್ಟೇ ಬದಲಿಸಿ ಕಳಿಸಿದ್ದರು. ಮೇಲ್ಜಾತಿ ಹಿಂದೂ ಹೆಸರಿದ್ದ ಅರ್ಜಿಗಳಿಗೆ ಬಂದಷ್ಟು ಕರೆ ದಲಿತ ಮತ್ತು ಮುಸ್ಲಿಂ ಹೆಸರಿದ್ದ ಅರ್ಜಿಗಳಿಗೆ ಬರಲಿಲ್ಲ. ಪತ್ರ ಚೆನ್ನಾಗಿ ಬರೆಯಿರಿ ಎಂದು ಮಕ್ಕಳಿಗೆ ಹೇಳುವ ನಾವು, ಅರ್ಜಿ ಓದುವ ಕುರ್ಚಿಯಲ್ಲಿ ಕೂತವರಿಗೂ ಒಂದು ಮಾತು ಹೇಳಬೇಕು: ಹೆಸರು, ಊರು, ಕಾಲೇಜು ನೋಡುವ ಮೊದಲು ಮಾಡಿದ ಕೆಲಸದ ಸಾಲನ್ನು ಓದಿ. ಆ ಹುಡುಗಿ 2ಬಿ ತಾಳೆ ನೋಡಿದ್ದು ನಿಜವೇ ಎಂದು ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ ತಿಳಿಯಬಹುದು. ಅಷ್ಟು ಸಮಯ ಅವಳಿಗೆ ಸಲ್ಲಬೇಕಾದ್ದು.

ಪತ್ರ ಕಳಿಸಿದ ಮೇಲೆ ಒಂದು ಪ್ರತಿ ನಿಮ್ಮ ಬಳಿ ಇರಲಿ. ಹತ್ತು ಹನ್ನೆರಡು ದಿನ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ಮರುಪತ್ರ ಹಾಕಬಹುದು: ಇಂಥ ದಿನ ಇಂಥ ಹುದ್ದೆಗೆ ಬರೆದಿದ್ದೆ, ಆಸಕ್ತಿ ಈಗಲೂ ಇದೆ, ಆಯ್ಕೆ ಮುಗಿದಿದ್ದರೆ ತಿಳಿಸಿ. ಒಂದು ಸಲ ಸಾಕು. ದಿನಾ ವಾಟ್ಸ್‌ಆ್ಯಪ್ ಮಾಡುವುದು ಬೇಡ. ಸಂದರ್ಶನಕ್ಕೆ ಕರೆದರೆ ಹೊರಡುವ ಮೊದಲು ನಿಮ್ಮ ಪತ್ರವನ್ನೇ ಮತ್ತೊಮ್ಮೆ ಓದಿಕೊಳ್ಳಿ. ಎದುರಿಗೆ ಕೂತವರ ಮೇಜಿನ ಮೇಲೆ ಅದು ಇರುತ್ತದೆ, ಮತ್ತು ಪ್ರಶ್ನೆಗಳು ಅಲ್ಲಿಂದಲೇ ಹೊರಡುತ್ತವೆ. ತಾಳೆಯಾಗದ ಬಿಲ್ಲಿಗೆ ಮಾರಿದವರು ಫೋನೇ ಎತ್ತದಿದ್ದರೆ ಏನು ಮಾಡುತ್ತೀರಿ ಎಂದು ಆ ರಾಣೆಬೆನ್ನೂರಿನ ಹುಡುಗಿಯನ್ನು ಕೇಳಿದರೆ ಅವಳು ತಡವರಿಸಬೇಕಾಗಿಲ್ಲ. ಎರಡು ವರ್ಷದಿಂದ ತಿಂಗಳು ತಿಂಗಳೂ ಅವಳು ಮಾಡುತ್ತಿರುವುದೇ ಅದು.